ವಚನಗಳಿಗೆ ಎಷ್ಟು ಮೆಮೊರಿ ಬೇಕು?

ಅತ್ತಿಗುಂಡಿ ಎಂಬ ಘಟ್ಟದ ಊರಿನ ಹೆಸರು ಕಾಗದದ ಮೇಲೆ ನಾಲ್ಕೇ ಅಕ್ಷರ. ಕಂಪ್ಯೂಟರಿನೊಳಗೆ ಅದರ ಒತ್ತು, ಕೊಂಬು, ಗುಡಿಸು, ಸೊನ್ನೆಗಳೆಲ್ಲ ಬಿಡಿಯಾಗಿ ಹತ್ತು ಚಿಹ್ನೆಗಳಾಗುತ್ತವೆ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 30; ಇಂಗ್ಲಿಷ್ ಲಿಪಿಯಲ್ಲಾದರೆ 9 ಸಾಕು. ಹೀಗೆ ಜಾಗ ತಿನ್ನುವ ಭಾಷೆಯಲ್ಲಿ ಹುಡುಕಾಟ ಚುರುಕಾಗಬೇಕಾದರೆ ಪದಸೂಚಿಯನ್ನು ಪೂರ್ತಿ ಮೆಮೊರಿಯಲ್ಲೇ ಇಡಬೇಕು ಎಂಬ ವಾದವಿದೆ. ಅದು ಬುಡವಿಲ್ಲದ ಮಾತಲ್ಲ. ಮೆಮೊರಿಯಿಂದ ಒಂದು ಓದಿಗೆ ಸುಮಾರು 100 ನ್ಯಾನೊಸೆಕೆಂಡ್. ತಿರುಗುವ ಹಾರ್ಡ್ ಡಿಸ್ಕ್ ಜಾಗ ಹುಡುಕಿ ಓದುವಷ್ಟರಲ್ಲಿ ಹತ್ತಿರ ಹತ್ತಿರ 10 ಮಿಲಿಸೆಕೆಂಡ್. ಲಕ್ಷ ಪಟ್ಟು ಅಂತರ.

ಆದರೆ ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಆಪರೇಟಿಂಗ್ ಸಿಸ್ಟಮ್ ಖಾಲಿ ಮೆಮೊರಿಯಲ್ಲಿ ಉಳಿಸಿಕೊಂಡಿರುತ್ತದೆ. ಎರಡನೇ ಸಲ ಹುಡುಕಿದಾಗ ಉತ್ತರ ಬರುವುದು ಅಲ್ಲಿಂದಲೇ. ಇದನ್ನು ಮರೆತು ಡಿಸ್ಕ್, ಮೆಮೊರಿಗಳ ವೇಗ ಹೋಲಿಸಲು ನಡೆಸಿದ ಪರೀಕ್ಷೆ ಮೆಮೊರಿಯನ್ನು ಮೆಮೊರಿಯ ಜೊತೆಗೇ ತೂಗಿದಂತೆ. ಹುಡುಕು ತಂತ್ರಾಂಶಗಳಾದ ಸೋಲರ್, ಎಲಾಸ್ಟಿಕ್‌ಸರ್ಚ್‌ಗಳ ಬುನಾದಿಯಾದ ಲುಸೀನ್‌ನಲ್ಲಿ ಸೂಚಿಯನ್ನು ಮೆಮೊರಿಯಲ್ಲಿಡುವ ರ‍್ಯಾಮ್‌ಡೈರೆಕ್ಟರಿ ಎಂಬ ಸೌಲಭ್ಯವಿತ್ತು. ಕೆಲವು ನೂರು ಎಂಬಿ ದಾಟಿದರೆ ಇದು ತಕ್ಕುದಲ್ಲ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತಿತ್ತು: ಎಲ್ಲವನ್ನೂ 1,024 ಬೈಟ್‌ಗಳ ಚೂರುಗಳಾಗಿ ಇಡುತ್ತಿದ್ದುದರಿಂದ ಅದನ್ನು ನಡೆಸುವ ಜಾವಾಕ್ಕೆ ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸುವುದೇ ಕೆಲಸವಾಗುತ್ತಿತ್ತು. 2021ರ 9.0 ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದರು.

ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಾಗ ಡಿಸ್ಕಿನ ಮೊದಲ ಹುಡುಕಾಟ ನಿಧಾನವಲ್ಲವೇ? ಹೌದು. ಆದರೆ ಬರೀ ಮೆಮೊರಿಯಲ್ಲಿದ್ದ ಸೂಚಿ ಅಷ್ಟೊತ್ತಿಗೆ ಅಳಿಸಿಯೇ ಹೋಗಿರುತ್ತದೆ. ಪೂರ್ತಿ ಮತ್ತೆ ಕಟ್ಟುವವರೆಗೆ ಉತ್ತರವೇ ಇಲ್ಲ. ಅಕ್ಷರ ಒತ್ತಿದಂತೆಲ್ಲ ಪದ ಸೂಚಿಸುವ ಸಣ್ಣ ಪಟ್ಟಿಯನ್ನು ಮೆಮೊರಿಯಲ್ಲಿಡಲಿ, ಅದು ಸರಿ. ಸಂಗ್ರಹವೇ ಮೆಮೊರಿಗಿಂತ ದೊಡ್ಡದಾದರೆ ಹಾರ್ಡ್ ಡಿಸ್ಕಿಗಿಂತ ಚುರುಕಾದ ಎಸ್‌ಎಸ್‌ಡಿಗೆ ದುಡ್ಡು ಹಾಕುವುದೂ ಸರಿ.

ನಮ್ಮ ಸಂಗ್ರಹಗಳು ಅಷ್ಟು ದೊಡ್ಡವೇ? ‘ವಚನ ಸಂಚಯ’ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದಕ್ಕೆ 500 ಚಿಹ್ನೆ ಎಂದು ಹಿಡಿದರೂ ಇಪ್ಪತ್ತು ಸಾವಿರಕ್ಕೆ ಆಗುವುದು 3 ಕೋಟಿ ಬೈಟ್, ಅಂದರೆ 30 ಎಂಬಿ. ಸೂಚಿ ಅದರ ಎರಡು ಮೂರು ಪಟ್ಟು ಬೆಳೆದರೂ ಹಳೆಯ ಮೊಬೈಲಿನಲ್ಲೇ ಹಿಡಿಸೀತು. ಅತ್ತಿಗುಂಡಿಯಲ್ಲಿ ಕೂತು ಹುಡುಕುವವರ ಪ್ರಶ್ನೆ ಟವರ್ ಹತ್ತಿ, ಘಟ್ಟ ಇಳಿದು, ದೂರದ ಸರ್ವರ್ ಮುಟ್ಟಿ ಬರಲು ಹತ್ತಾರು ಮಿಲಿಸೆಕೆಂಡ್ ಬೇಕು. ಅದರ ಮುಂದೆ ಸೂಚಿಯನ್ನು ಮೆಮೊರಿಯಲ್ಲಿಟ್ಟು ಉಳಿಸುವ ಮೈಕ್ರೊಸೆಕೆಂಡ್ ಯಾರ ಅರಿವಿಗೂ ಬಾರದು. ಅರಿವಿಗೆ ಬರುವ ಕೊರತೆ ಬೇರೆ ಇದೆ. ಟೈಪಿಸಿದ ಪದವನ್ನಷ್ಟೇ ಹೊಂದಿಸಿ ನೋಡುವ ಸೂಚಿಯಲ್ಲಿ ‘ತೋಟ’ ಎಂದು ಹುಡುಕಿದರೆ ‘ತೋಟಕ್ಕೆ’ ‘ತೋಟದಲ್ಲಿ’ ಸಿಗುವುದಿಲ್ಲ. ತೋಟದ ಹೆಸರನ್ನೇ ಹೊತ್ತ ವಚನಕಾರ ತೋಂಟದ ಸಿದ್ಧಲಿಂಗರಂತೂ ಸಿಗುವುದೇ ಇಲ್ಲ.