ಗ್ಯಾಸ್ ಖಾಲಿ ಆಗಲ್ಲ, ಖಾಲಿ ಆಗೋದು ನಮ್ಮ ಜೇಬು

1/8
ಕಲಬುರಗಿ ಬೇಸಿಗೆ ಗೊತ್ತಲ್ಲ. ಏಪ್ರಿಲ್ ಬಂತಂದ್ರೆ 40 ಡಿಗ್ರಿ ದಾಟೋದು ನಮಗೆ ಸುದ್ದಿನೇ ಅಲ್ಲ. ಹೋದ ವರ್ಷ ಅಂಥದ್ದೇ ಒಂದು ಮಧ್ಯಾಹ್ನ ನಮ್ಮ ಅಜ್ಜನ ರೂಮಿನ ಏಸಿ ಬರೀ ಬಿಸಿ ಗಾಳಿ ಬಿಡೋಕೆ ಶುರು ಮಾಡ್ತು. ಅವ್ವ ನನ್ನ ಕಡೆ ನೋಡಿ, "ಫೋನ್‌ದಾಗ ಯಾರರೆ ಸಿಗ್ತಾರೇನ್ ನೋಡು" ಅಂದಳು.

ನೋಡಿದೆ. ಎಲ್ಲಕ್ಕಿಂತ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಎರಡು ನಿಮಿಷದ ಕೆಲಸ. ಮನೇಲಿ ಆವತ್ತು ನಾನೇ ಹೀರೋ.

ಬಂದವನು ಹೊರಗಿನ ಯೂನಿಟ್ಟಿಗೆ ಮೀಟರ್ ಹಚ್ಚಿ, "ಗ್ಯಾಸ್ ಖಾಲಿ ಆಗ್ಯಾದ್ರಿ" ಅಂದ. 3,200 ರೂಪಾಯಿ ತಗೊಂಡು ಹೋದ. ಇಪ್ಪತ್ತು ದಿನಕ್ಕೆ ಮತ್ತೆ ಬಿಸಿ ಗಾಳಿ. ಈ ಸಲ ಬೇರೊಬ್ಬ ಬಂದ, ಮಾತು ಮಾತ್ರ ಅದೇ. "ಹಳೇ ಕಸ್ಟಮರ್ ಇದ್ದೀರಿ" ಅಂತ 2,800 ತಗೊಂಡ. ಒಟ್ಟು 6,000 ರೂಪಾಯಿ, ಅಜ್ಜನ ಪೆನ್ಷನ್ ದುಡ್ಡು. ಆ ನಂಬರ್ ಹುಡುಕಿದ್ದು ನಾನು. ಅದಕ್ಕೇ ಈ ಸರಣಿ ಬರೀತಿದ್ದೀನಿ. ಸ್ವೈಪ್ ಮಾಡ್ತಾ ಹೋಗಿ.

2/8
ಮೊದಲು ಒಂದು ಸತ್ಯ, ಸ್ಕ್ರೀನ್‌ಶಾಟ್ ತಗೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿ: ಏಸಿ ಗ್ಯಾಸ್ ಪೆಟ್ರೋಲ್ ಅಲ್ಲ. ಓಡಿಸಿದ ಹಾಗೆ ಅದು ಸುಟ್ಟು ಹೋಗಲ್ಲ. ಸೀಲ್ ಮಾಡಿದ ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸುತ್ತುತ್ತಾ ರೂಮಿನ ಶಾಖವನ್ನ ಹೊರಗೆ ಸಾಗಿಸುತ್ತೆ, ಅಷ್ಟೇ. ಗ್ಯಾಸ್ ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ, ಇಲ್ಲಾಂದ್ರೆ ಮೊದಲೇ ಯಾರೋ ಸರಿಯಾಗಿ ತುಂಬಿಲ್ಲ.

ಲೀಕ್ ಮುಚ್ಚದೆ ಗ್ಯಾಸ್ ತುಂಬೋದು ತೂತಿರೋ ಕೊಡಕ್ಕೆ ನೀರು ಸುರಿದ ಹಾಗೆ. ಸುರಿಯೋನಿಗೆ ಪ್ರತಿ ಸಲ ದುಡ್ಡು.

ಇನ್ನೊಂದು ವಿಷಯ. ಕೂಲಿಂಗ್ ಕಮ್ಮಿ ಆಗೋಕೆ ಗ್ಯಾಸ್ ಒಂದೇ ಕಾರಣ ಅಲ್ಲ. ಫಿಲ್ಟರಿನಲ್ಲಿ ಧೂಳು, ಹೊರಗಿನ ಕಾಯಿಲಿನಲ್ಲಿ ಕಸ, ಕಮ್ಮಿ ವೋಲ್ಟೇಜ್, ಕೆಟ್ಟ ಕೆಪ್ಯಾಸಿಟರ್, ಹೀಗೆ ಯಾವುದೂ ಆಗಿರಬಹುದು. ಕೆಪ್ಯಾಸಿಟರ್ ಅನ್ನೋದು ಕೆಲವೇ ನೂರು ರೂಪಾಯಿಯ ಡಬ್ಬಿ. ಫಿಲ್ಟರನ್ನಂತೂ ನೀವೇ ಬಿಚ್ಚಿ ನಲ್ಲಿ ಕೆಳಗೆ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬಹುದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಿ. ಯಾರನ್ನೂ ಕರೀಬೇಕಿಲ್ಲ.

3/8
ಈಗ ನಮ್ಮ ತಪ್ಪಿಗೆ ಬರೋಣ. "ಏಸಿ ರಿಪೇರಿ ನಿಯರ್ ಮಿ" ಅಂತ ಟೈಪ್ ಮಾಡಿದಾಗ ಮೇಲೆ ಬರೋದೆಲ್ಲ ಹತ್ತಿರದವರು ಅಂದ್ಕೊಂಡಿದ್ದೀವಿ. ಅಲ್ಲ. ಮೇಲೆ ಬರೋರಲ್ಲಿ ಬಹಳ ಜನ ದುಡ್ಡು ಕಟ್ಟಿ ಅಲ್ಲಿ ಕೂತವರು. 'ಪ್ರಾಯೋಜಿತ' ಅಂತ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತೆ. ರೀಲ್ಸ್‌ನಲ್ಲಿ ಪೇಯ್ಡ್ ಪ್ರಮೋಷನ್ ಕಂಡುಹಿಡಿಯೋ ನಾವು ಇದನ್ನ ಓದೋದೇ ಇಲ್ಲ.

ಇನ್ನೂ ಕೆಟ್ಟದ್ದು ನಕಲಿ ಕಸ್ಟಮರ್ ಕೇರ್. ದೊಡ್ಡ ಬ್ರ್ಯಾಂಡಿನ ಹೆಸರು, ಲೋಗೋ, ಕೆಳಗೆ ಯಾವನದೋ ಮೊಬೈಲ್ ನಂಬರ್. ಫೋನ್ ಮಾಡಿದ್ರೆ ಒಂದು ಲಿಂಕ್ ಕಳಿಸಿ "ಹತ್ತು ರೂಪಾಯಿ ರಿಜಿಸ್ಟ್ರೇಷನ್ ಕಟ್ಟಿ" ಅಂತಾರೆ, ಇಲ್ಲಾ "ಈ ಆಪ್ ಹಾಕ್ಕೊಳ್ಳಿ" ಅಂತಾರೆ. ಆ ಆಪ್ ನಿಮ್ಮ ಸ್ಕ್ರೀನನ್ನ ಅವರಿಗೆ ತೋರಿಸುತ್ತೆ. ಆಮೇಲೆ ಅಕೌಂಟೇ ಖಾಲಿ. ಏಸಿ ಹಾಗೇ ಇರುತ್ತೆ.

ವಾರಂಟಿ ಇದ್ರೆ ನಂಬರ್ ಹುಡುಕೋ ಜಾಗ ಬಿಲ್ಲು, ವಾರಂಟಿ ಕಾರ್ಡು, ಮೆಷಿನ್ ಮೇಲಿನ ಸ್ಟಿಕ್ಕರು. ಸರ್ಚ್ ರಿಸಲ್ಟ್ ಅಲ್ಲವೇ ಅಲ್ಲ.

4/8
"ಸರ್ವಿಸ್ ಕೇವಲ 399!" ನೋಡಿದ ತಕ್ಷಣ ಬುಕ್ ಮಾಡ್ತೀವಿ. ಸ್ವಲ್ಪ ಲೆಕ್ಕ ಹಾಕಿ. ಆ 399ರಲ್ಲಿ ನಡುವಿನವರ ಕಮಿಷನ್ ಹೋಗಬೇಕು. ಬಂದವನ ಪೆಟ್ರೋಲ್, ಟೂಲ್ಸ್, ಒಂದೂವರೆ ತಾಸಿನ ಬಿಸಿಲು ಎಲ್ಲಾ ಅದರಲ್ಲೇ ಆಗಬೇಕು. ಆಗಲ್ಲ. ಹಾಗಾದ್ರೆ ಅವನ ದಿನಗೂಲಿ ಬರೋದು ಎಲ್ಲಿಂದ? "ಗ್ಯಾಸ್ ಖಾಲಿ" ಅನ್ನೋ ಮಾತಿಂದ. ಅಗ್ಗದ ರೇಟು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಮೀನು ನಾವು.

ಹಾಗಂತ ಅವನನ್ನ ಕಳ್ಳ ಅಂತ ಬಿಡೋದೂ ಸುಲಭದ ಮಾತು. ಎಷ್ಟೋ ಸಲ ಅವನೂ ನಮ್ಮ ವಯಸ್ಸಿನವನೇ, ಸ್ಟಾರ್ ಕಮ್ಮಿ ಆದ್ರೆ ನಾಳೆ ಕೆಲಸ ಸಿಗುತ್ತೋ ಇಲ್ಲವೋ ಅನ್ನೋ ಭಯದಲ್ಲಿ ಇರೋನು. ಕೆಲಸ ಮುಗಿದ ಮೇಲೆ "ಸರ್, ಫೈವ್ ಸ್ಟಾರ್ ಕೊಡಿ" ಅಂತ ಬಾಗಿಲಲ್ಲೇ ನಿಲ್ತಾನೆ. ನಾವು ಮುಜುಗರಕ್ಕೆ ಕೊಡ್ತೀವಿ. ಲೀಕ್ ಇತ್ತೋ ಇಲ್ಲವೋ ಗೊತ್ತಾಗೋದು ಇಪ್ಪತ್ತು ದಿನದ ಮೇಲೆ, ಸ್ಟಾರ್ ಕೊಟ್ಟಿದ್ದು ಮೊದಲನೇ ನಿಮಿಷದಲ್ಲಿ. ಇಂಥ 4.8 ನೋಡಿ ಮುಂದಿನವರು ಬುಕ್ ಮಾಡ್ತಾರೆ. ಮೊದಲ ಸಲ ನಾನೂ ಕೊಟ್ಟಿದ್ದೆ ಐದು ಸ್ಟಾರ್. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ.

5/8
ಮತ್ತೆ ಎಲ್ಲಿ ಹುಡುಕೋದು? ತಂಪು ನಿಂತ್ರೆ ವ್ಯಾಪಾರವೇ ನಿಲ್ಲೋರನ್ನ ಕೇಳಿ. ಇನ್ಸುಲಿನ್ ಇಡೋ ಮೆಡಿಕಲ್ ಶಾಪ್, ಐಸ್‌ಕ್ರೀಂ ಅಂಗಡಿ, ಹಾಲಿನ ಬೂತ್, ಬೇಕರಿ. "ಅಣ್ಣಾ, ನಿಮ್ಮ ಫ್ರಿಜ್ ಕೆಟ್ರೆ ಯಾರನ್ನ ಕರೀತೀರಿ?" ಅಂತ ಕೇಳಿದ್ರೆ ಸಾಕು. ಅವರಿಗೆ ಸುಳ್ಳು ಹೇಳೋ ಮೆಕ್ಯಾನಿಕ್‌ನ ಇಟ್ಕೊಂಡು ಒಂದು ಬೇಸಿಗೆ ಕಳೆಯೋಕೂ ಆಗಲ್ಲ. ಏಸಿ ಸ್ಪೇರ್ ಪಾರ್ಟ್ಸ್ ಮಾರೋ ಅಂಗಡಿಯಲ್ಲೂ ಕೇಳಿ. ಯಾರು ಬಂದು ತಾಮ್ರದ ಪೈಪು, ವಾಲ್ವು ಒಯ್ತಾರೆ, ಯಾರು ಬರೀ ಗ್ಯಾಸ್ ಸಿಲಿಂಡರ್ ಒಯ್ತಾರೆ, ಅವರಿಗೆ ಗೊತ್ತಿರುತ್ತೆ. ಐಟಿಐನಲ್ಲಿ ಈ ಕೆಲಸಕ್ಕೇ ಎರಡು ವರ್ಷದ ಟ್ರೇಡ್ ಇದೆ. ಅಲ್ಲಿ ಓದಿದ ನಿಮ್ಮ ಹೈಸ್ಕೂಲ್ ಗೆಳೆಯ ಈಗ ಎಲ್ಲಿದ್ದಾನೆ? ಒಮ್ಮೆ ಫೋನ್ ಮಾಡಿ ನೋಡಿ.

ನಮ್ಮ ಏಸಿ ಸರಿ ಮಾಡಿದ್ದು ಮೆಡಿಕಲ್ ಶಾಪಿನವರು ಹೇಳಿದ ಕಾಕಾ. ಬಂದವರೇ ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದ್ರು. ಗುಳ್ಳೆ ಎದ್ದಿತು. "ನೋಡು ತಮ್ಮಾ, ಇಲ್ಲಿ ಅದ ನಿನ್ನ ಆರು ಸಾವಿರ" ಅಂದ್ರು. ಒಂದು ಸಡಿಲ ನಟ್ಟು.

"ಗಲ್ಲಿಯವರೂ ಸುಳ್ಳು ಹೇಳ್ತಾರೆ" ಅಂತ ಕಮೆಂಟ್ ಬರುತ್ತೆ, ಗೊತ್ತು. ಹೇಳ್ತಾರೆ. ಆದ್ರೆ ಅವರಿಗೊಂದು ಅಂಗಡಿ ಇರುತ್ತೆ. ಕೆಟ್ರೆ ಹೋಗಿ ಅದರ ಮುಂದೆ ನಿಲ್ಲಬಹುದು. ಕಾಲ್ ಸೆಂಟರ್ ಮುಂದೆ ನಿಲ್ಲೋದು ಹೇಗೆ?

6/8
ಯಾರೇ ಬರಲಿ, ಈ ಐದು ಪ್ರಶ್ನೆ ಕೇಳಿ. ಗೌರವದಿಂದಲೇ ಕೇಳಿ, ಆದ್ರೆ ಕೇಳಿ.

ಒಂದು: "ಲೀಕ್ ಎಲ್ಲಿದೆ, ತೋರಿಸ್ತೀರಾ?" ಸೋಪಿನ ನೊರೆ ಹಚ್ಚಿ ಇಲ್ಲಾ ನೈಟ್ರೋಜನ್ ಪ್ರೆಷರ್ ಹಾಕಿ ಹುಡುಕಬೇಕು.

ಎರಡು: "ಇದರಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ?" ಹೊರಗಿನ ಯೂನಿಟ್ಟಿನ ಸ್ಟಿಕ್ಕರ್ ಮೇಲೆ ಬರೆದಿರುತ್ತೆ: ಆರ್22, ಆರ್410ಎ, ಆರ್32. ಒಂದರ ಜಾಗದಲ್ಲಿ ಇನ್ನೊಂದು ಹಾಕೋ ಹಾಗಿಲ್ಲ. ಆರ್32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳೋ ಗ್ಯಾಸ್, ಅದಕ್ಕೆ ಗೊತ್ತಿರೋ ಕೈಯೇ ಬೇಕು.

ಮೂರು: "ವ್ಯಾಕ್ಯೂಮ್ ಪಂಪ್ ತಂದಿದ್ದೀರಾ?" ಪೈಪ್ ಬಿಚ್ಚಿದ ಮೇಲೆ ಒಳಗಿನ ಗಾಳಿ, ತೇವ ತೆಗೆಯದೆ ಗ್ಯಾಸ್ ತುಂಬಿದ್ರೆ ಕಂಪ್ರೆಸರ್ ಆಯುಷ್ಯ ಕಮ್ಮಿ ಆಗುತ್ತೆ.

ನಾಲ್ಕು: "ತೂಕದ ಸ್ಕೇಲ್ ಇದೆಯಾ?" ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಇದೆಯೋ ಅಷ್ಟನ್ನ ತೂಗಿ ತುಂಬೋದೇ ಸರಿ.

ಐದು: "ಬಿಲ್ ಕೊಡ್ತೀರಾ? ಎಷ್ಟು ದಿನದ ಗ್ಯಾರಂಟಿ?" ಬಿಲ್ ಇದ್ರೆ ಕೆಲಸ ಕೆಟ್ಟಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳೋಕೆ ಕೈಯಲ್ಲಿ ದಾಖಲೆ ಇರುತ್ತೆ.

ಕೆಲಸ ಗೊತ್ತಿರೋನಿಗೆ ಈ ಪ್ರಶ್ನೆ ಕೇಳಿದ್ರೆ ಖುಷಿ ಆಗುತ್ತೆ. ಕಾಕಾಗೆ ಆಗಿತ್ತು. ಸಿಟ್ಟು ಬರೋದು ಯಾರಿಗೆ ಅಂತ ನೀವೇ ನೋಡಿ.

7/8
"ನಮ್ಮನೇಲಿ ಏಸಿನೇ ಇಲ್ಲ ಬಿಡು" ಅನ್ನೋರು ಇಲ್ಲಿ ನಿಲ್ಲಿ. ಏಸಿಯಲ್ಲಿ ಹೋಗಿದ್ದು ದುಡ್ಡು. ಕೂಲರ್, ಗೀಸರ್‌ಗಳಲ್ಲಿ ಹೋಗೋದು ಜೀವ.

ನಮ್ಮ ಕಡೆ ಒಣ ಹವೆ, ಅದಕ್ಕೇ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ. ಮಂಗಳೂರಿನ ಸೆಖೆಯಲ್ಲಿ ಗಾಳಿಯಲ್ಲೇ ನೀರಿರೋದ್ರಿಂದ ಅದೇ ಕೂಲರ್ ಅಷ್ಟಕ್ಕಷ್ಟೇ. ಆದ್ರೆ ತಗಡಿನ ಬಾಡಿ, ಒಳಗೆ ನೀರು, ನೀರಿನಲ್ಲಿ ಕರೆಂಟಿನ ಪಂಪು. ಅರ್ಥಿಂಗ್ ಇಲ್ಲದ ಮನೇಲಿ ಅದನ್ನ ಒದ್ದೆ ಕೈಯಲ್ಲಿ ಮುಟ್ಟಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ? ನೀರು ತುಂಬೋವಾಗ ಪ್ಲಗ್ ಕಿತ್ತಿಡಿ. ಮೂರು ಪಿನ್ನಿನ ಪ್ಲಗ್ಗೇ ಹಾಕ್ಸಿ. ಸಾಧ್ಯ ಆದ್ರೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕ್ಸಿ.

ಗ್ಯಾಸ್ ಗೀಸರನ್ನ ಬಚ್ಚಲಮನೆ ಒಳಗೆ ಹಾಕೋ ಮೆಕ್ಯಾನಿಕ್‌ನ ಬಾಗಿಲಲ್ಲೇ ತಡೀರಿ. ಗಾಳಿ ಆಡದ ಜಾಗದಲ್ಲಿ ಅದು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಬಿದ್ದ ಸುದ್ದಿ ಎಷ್ಟು ಓದಿಲ್ಲ? ಆ ಗೀಸರ್ ಹೊರಗೆ ಇರಬೇಕು. ಪಿಜಿಯಲ್ಲಿ ಇರೋರು ಇವತ್ತೇ ನಿಮ್ಮ ಬಾತ್‌ರೂಮ್ ನೋಡಿ. ಓನರ್‌ಗೆ ಹೇಳೋಕೆ ಹೆದರಬೇಡಿ.

ಕರೆಂಟ್ ಗೀಸರ್‌ಗೆ ಐಎಸ್‌ಐ ಮಾರ್ಕ್, ಅರ್ಥಿಂಗ್, ಸೇಫ್ಟಿ ವಾಲ್ವ್ ಇದೆಯಾ ನೋಡಿ. ಗಡಸು ಬೋರ್ ನೀರಿರೋ ಮನೆ ಆದ್ರೆ ಒಳಗಿನ ಆನೋಡ್ ರಾಡ್ ಬೇಗ ಸವೆಯುತ್ತೆ. ಚಳಿಗಾಲಕ್ಕೆ ಮುಂಚೆ ಅದನ್ನ ತೋರಿಸಿಕೊಂಡ್ರೆ ಟ್ಯಾಂಕ್ ಉಳಿಯುತ್ತೆ.

8/8
ಕೊನೆಗೆ ಸ್ವಲ್ಪ ಖಾರದ ಮಾತು. ಮಾಲ್‌ನಲ್ಲಿ 300 ರೂಪಾಯಿ ಕಾಫಿಗೆ ಚೌಕಾಸಿ ಮಾಡದ ನಾವು, ಮೂರನೇ ಮಹಡಿಯ ಸಜ್ಜಾ ಮೇಲೆ ಬೆಲ್ಟ್ ಇಲ್ಲದೆ ನಿಂತು ಹೊರಗಿನ ಯೂನಿಟ್ ಬಿಚ್ಚೋನ ಹತ್ತಿರ 100 ರೂಪಾಯಿಗೆ ಜಗಳ ತೆಗೀತೀವಿ. ಒಳ್ಳೆ ಮೆಕ್ಯಾನಿಕ್ ಸಿಗಲ್ಲ ಅಂತ ಅಳೋ ಮುಂಚೆ, ಒಳ್ಳೆ ಮೆಕ್ಯಾನಿಕ್ ಬದುಕೋ ಹಾಗೆ ದುಡ್ಡು ಕೊಟ್ಟಿದ್ದೀವಾ? ಲೀಕ್ ಹುಡುಕೋಕೆ ಒಂದು ತಾಸು ಹಿಡಿಯುತ್ತೆ, ಆ ತಾಸಿಗೆ ದುಡ್ಡು ಕೊಡಿ. ಹೊಸ ಏಸಿ ಹಾಕಿಸೋವಾಗ ಹೊರಗಿನ ಯೂನಿಟ್ ಮನುಷ್ಯ ನಿಂತು ಕೆಲಸ ಮಾಡೋ ಜಾಗದಲ್ಲಿ ಹಾಕ್ಸಿ.

ಇದು ಬರೀ ನಮ್ಮ ಮನೆ ಲೆಕ್ಕವೂ ಅಲ್ಲ. ಸೋರಿ ಹೋದ ಒಂದು ಕೆಜಿ ಆರ್410ಎ ಭೂಮಿಯನ್ನ ಬಿಸಿ ಮಾಡೋದ್ರಲ್ಲಿ ಸುಮಾರು 2,000 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಆರ್32 ಆದ್ರೆ ಸುಮಾರು 675 ಕೆಜಿ. ನಟ್ಟು ಬಿಗಿ ಮಾಡದೆ ಮೂರು ಸಲ ಗ್ಯಾಸ್ ತುಂಬಿಸಿದ್ರೆ, ಮುಂದಿನ ಏಪ್ರಿಲ್ ಇನ್ನೂ ಬಿಸಿ ಆಗೋಕೆ ನಮ್ಮ ಪಾಲೂ ಸೇರಿತು ಅಂತ ಲೆಕ್ಕ.

ಮನೇಲಿ ನಂಬರ್ ಹುಡುಕೋರು ನಾವು. ದೊಡ್ಡವರು ನಮ್ಮನ್ನ ನಂಬಿ ಬಾಗಿಲು ತೆಗೀತಾರೆ, ದುಡ್ಡು ಎಣಿಸ್ತಾರೆ. ಹಾಗಾಗಿ ಇವತ್ತೇ, ಏಸಿ ಕೆಡೋ ಮುಂಚೆನೇ, ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಒಂದು ನಂಬರ್ ಕೇಳಿ ಬರ್ಕೊಳ್ಳಿ. ಫೋನ್‌ನಲ್ಲೂ ಇರಲಿ, ಫ್ರಿಜ್ ಬಾಗಿಲ ಮೇಲೆ ಚೀಟಿಯಲ್ಲೂ ಇರಲಿ. ನೀವು ಹಾಸ್ಟೆಲ್‌ನಲ್ಲಿ ಇದ್ದಾಗ ಅವ್ವ ಓದಬೇಕಲ್ಲ.

ನಿಮ್ಮೂರಲ್ಲಿ ಲೀಕ್ ತೋರಿಸಿ ಕೆಲಸ ಮಾಡೋ ಮೆಕ್ಯಾನಿಕ್ ಇದ್ರೆ, ಅವರನ್ನ ಕೇಳಿ ಒಪ್ಪಿಗೆ ತಗೊಂಡು ಅಂಗಡಿ ಎಲ್ಲಿದೆ ಅಂತ ಕಮೆಂಟಿನಲ್ಲಿ ಹಾಕಿ. ಊರಿನ ಹೆಸರು ಮರೀಬೇಡಿ. ಸೇವ್ ಮಾಡ್ಕೊಳ್ಳಿ, ಏಪ್ರಿಲ್‌ನಲ್ಲಿ ಬೇಕಾಗುತ್ತೆ.

#ಲೀಕ್_ತೋರಿಸಿ #ಕಲಬುರಗಿ_ಬಿಸಿಲು #ನಮ್ಮೂರ_ಮೆಕ್ಯಾನಿಕ್