ಬೇಲಿ ಮತ್ತು ಬೆಳೆ

ಬೆಳೆಯನ್ನು ಕಾಯಲೆಂದು ಬೇಲಿ ಹಾಕುತ್ತೇವೆ. ಆ ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ರೈತನು ಏನು ಮಾಡಬೇಕು? ಕಿತ್ತೆಸೆದರೆ ದನಕರುಗಳು ನುಗ್ಗುವ ಭಯ; ಉಳಿಸಿಕೊಂಡರೆ ಬೆಳೆಯೇ ಉಳಿಯದೆಂಬ ಸಂಕಟ. ನಮ್ಮ ಹಿರಿಯರ ಈ ಮಾತು ಅಮೆರಿಕದ ಒಂದು ದೊಡ್ಡ ಸಂಸ್ಥೆಯ ಕಥೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಯಿತು. ಅದು ನ್ಯಾಷನಲ್ ರೈಫಲ್ ಅಸೋಸಿಯೇಷನ್. ಬಂದೂಕು ಹೊಂದುವ ಹಕ್ಕನ್ನು ಕಾಯಲು ನಿಂತಿರುವ ಈ ಸಂಘವು ತನಗೆ ಸುಮಾರು ೫೦ ಲಕ್ಷ ಸದಸ್ಯರಿರುವರೆಂದು ಹೇಳಿಕೊಳ್ಳುತ್ತ ಬಂದಿತ್ತು. ಆದರೆ ೨೦೧೯ರಿಂದೀಚೆಗೆ ಆ ಸದಸ್ಯರ ನಡುವೆಯೇ ಒಂದು ಕಹಿಯಾದ ಪ್ರಶ್ನೆ ಎದ್ದಿದೆ: ಸಂಘವನ್ನು ಬೆಂಬಲಿಸಬೇಕೆ, ತಿದ್ದಬೇಕೆ, ಇಲ್ಲವೆ ತೊರೆಯಬೇಕೆ?

ನಾನು ಬಂದೂಕು ಹಿಡಿದವನಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಟೆಕ್ಸಾಸಿನ ಯುವಾಲ್ಡಿ ಎಂಬ ಊರಿನ ಶಾಲೆಯೊಂದರಲ್ಲಿ ೧೯ ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಗುಂಡಿಗೆ ಬಲಿಯಾದರೆಂದು ಓದಿದ ದಿನ, ಆಯುಧಗಳ ಮೇಲೆ ಬಿಗಿಯಾದ ಕಾನೂನು ಬೇಕೆಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಅದನ್ನು ಮರೆಮಾಚುವುದಿಲ್ಲ. ಆದರೆ ಇಂದು ನಾನು ಎತ್ತಿಕೊಂಡಿರುವುದು ಆ ವಾದವನ್ನಲ್ಲ. ತಾನು ನಂಬಿದ ಧ್ಯೇಯವನ್ನು ಕಾಯಬೇಕಾದ ಸಂಸ್ಥೆ ಕೆಟ್ಟಾಗ, ಆ ಧ್ಯೇಯವನ್ನು ಬಿಡಲೊಲ್ಲದ ಪ್ರಾಮಾಣಿಕ ಸದಸ್ಯನ ಕರ್ತವ್ಯವೇನು ಎಂಬುದು ನನ್ನ ಪ್ರಶ್ನೆ. ಸಂಘಗಳನ್ನು ಕಟ್ಟುವ ಎಲ್ಲ ನಾಡಿನವರಿಗೂ ಸಲ್ಲುವ ಪ್ರಶ್ನೆ ಇದು.

ಬಂದೂಕಿನ ಮೇಲೆ ಜನರಿಗೆ ಅಷ್ಟು ಅಭಿಮಾನವೇಕೆಂದು ಕೇಳುವವರು ನಮ್ಮ ಕೊಡಗನ್ನು ನೆನೆಯಬಹುದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳಲ್ಲಿ ಅದು ಕೇವಲ ಆಯುಧವಲ್ಲ, ಮನೆತನದ ಗುರುತು. ಆದರೂ ಒಂದು ಭೇದವುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ದೊರೆತಿರುವುದು ಸರ್ಕಾರವು ಕಾಲಕಾಲಕ್ಕೆ ಮುಂದುವರಿಸುವ ವಿನಾಯಿತಿ. ಅಮೆರಿಕದವರಿಗೆ ಅದು ೧೭೯೧ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯ ಹಕ್ಕು. ವಿನಾಯಿತಿ ಪಡೆದವನು ಸರ್ಕಾರದ ಕಡೆಗೆ ನೋಡುತ್ತಾನೆ; ಹಕ್ಕು ಪಡೆದವನು ಸರ್ಕಾರದಿಂದ ಅದನ್ನು ಕಾಯುವ ಕಾವಲುಗಾರನನ್ನು ಹುಡುಕುತ್ತಾನೆ. ಈ ಕಾವಲುಗಾರನ ಸ್ಥಾನಕ್ಕೆ ರೈಫಲ್ ಸಂಘ ಬಂದು ನಿಂತದ್ದು ಹೇಗೆಂಬುದನ್ನು ಮೊದಲು ತಿಳಿಯಬೇಕು.

ಸಂಘ ಹುಟ್ಟಿದ್ದು ೧೮೭೧ರಲ್ಲಿ, ನ್ಯೂಯಾರ್ಕ್ ಸಂಸ್ಥಾನದಲ್ಲಿ. ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರ ಗುರಿ ಸರಿಯಿರಲಿಲ್ಲವೆಂದು ನೊಂದಿದ್ದ ವಿಲಿಯಂ ಚರ್ಚ್ ಮತ್ತು ಜಾರ್ಜ್ ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಅದನ್ನು ಸ್ಥಾಪಿಸಿದರು. ಗುರಿಯ ಅಭ್ಯಾಸ ಕಲಿಸುವುದೇ ಅದರ ಉದ್ದೇಶವಾಗಿತ್ತು. ೧೯೩೪ರಲ್ಲಿ ಮಷೀನ್‌ಗನ್ನುಗಳನ್ನು ಹತೋಟಿಯಲ್ಲಿಡುವ ಶಾಸನದ ಚರ್ಚೆ ನಡೆದಾಗ, ಸಂಘದ ಅಧ್ಯಕ್ಷರಾಗಿದ್ದ ಕಾರ್ಲ್ ಫ್ರೆಡರಿಕ್ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅವರು ೧೯೨೦ರ ಒಲಿಂಪಿಕ್ ಕ್ರೀಡೆಗಳಲ್ಲಿ ಪಿಸ್ತೂಲಿನಿಂದ ಚಿನ್ನದ ಪದಕ ಗೆದ್ದವರು. ಅಂಥವರೇ ಕಂಡಕಂಡವರೆಲ್ಲ ಬಂದೂಕು ಧರಿಸಿ ತಿರುಗುವುದು ತಮಗೆ ಸಮ್ಮತವಲ್ಲವೆಂದೂ, ಪರವಾನಗಿ ಇದ್ದವರಿಗೆ ಮಾತ್ರ ಅದಕ್ಕೆ ಅವಕಾಶವಿರಬೇಕೆಂದೂ ಹೇಳಿದರು. ಇಂದಿನ ಕಿವಿಗೆ ಈ ಮಾತು ವಿಚಿತ್ರವಾಗಿ ಕೇಳಿಸೀತು.

ಬದಲಾವಣೆ ಬಂದದ್ದು ೧೯೭೭ರಲ್ಲಿ. ಅಂದಿನ ನಾಯಕರು ಮುಖ್ಯ ಕಚೇರಿಯನ್ನು ರಾಜಧಾನಿಯಿಂದ ದೂರದ ಕೊಲೊರಾಡೊ ಸ್ಪ್ರಿಂಗ್ಸಿಗೆ ಸಾಗಿಸಿ, ರಾಜಕೀಯವನ್ನು ಕಡಿಮೆ ಮಾಡಿ, ಬೇಟೆ ಮತ್ತು ವನವಿಹಾರದ ಕಡೆಗೆ ಸಂಘವನ್ನು ತಿರುಗಿಸಬೇಕೆಂದಿದ್ದರು. ಇದು ಅನೇಕ ಸದಸ್ಯರಿಗೆ ದ್ರೋಹವಾಗಿ ಕಂಡಿತು. ಮೇ ತಿಂಗಳಿನಲ್ಲಿ ಸಿನ್‌ಸಿನಾಟಿಯಲ್ಲಿ ನಡೆದ ವಾರ್ಷಿಕ ಸಭೆಗೆ ಅವರು ಬೇಟೆಗಾರರ ಕಿತ್ತಳೆ ಬಣ್ಣದ ಟೊಪ್ಪಿಗೆ ಧರಿಸಿ ಬಂದರು. ಸಭಾ ನಿಯಮಗಳನ್ನು ಅರೆದು ಕುಡಿದಿದ್ದ ಅವರು ರಾತ್ರಿಯೆಲ್ಲ ಸಭೆಯನ್ನು ನಡೆಸಿ, ಬೆಳಗಿನ ಜಾವದ ಹೊತ್ತಿಗೆ ಹಳೆಯ ನಾಯಕರನ್ನು ಇಳಿಸಿ, ಹಾರ್ಲನ್ ಕಾರ್ಟರ್ ಎಂಬುವರನ್ನು ಮುಖ್ಯಸ್ಥರನ್ನಾಗಿ ಆರಿಸಿದರು. ಈ ದಂಗೆಯ ಮುಂದಾಳುಗಳಲ್ಲಿ ನೀಲ್ ನಾಕ್ಸ್ ಎಂಬ ಪತ್ರಕರ್ತರೂ ಒಬ್ಬರು. ಆ ರಾತ್ರಿಯ ಫಲವನ್ನು ನಾನು ಮೆಚ್ಚುವವನಲ್ಲ. ಆದರೆ ಸಾಮಾನ್ಯ ಸದಸ್ಯರು ನಿಯಮದ ದಾರಿಯಲ್ಲೇ ನಡೆದು ತಮ್ಮ ಸಂಘವನ್ನು ತಮ್ಮದಾಗಿಸಿಕೊಂಡರೆಂಬುದನ್ನು ಅಲ್ಲಗಳೆಯಲಾರೆ. ಸುಧಾರಣೆಯೆಂದರೆ ಸದಾ ಮೆದುವಾಗುವುದೆಂದೇ ಭಾವಿಸುವ ನಮಗೆ ಇದೊಂದು ಪಾಠ. ಸುಧಾರಕನು ಸಂಘವನ್ನು ಕಠೋರತೆಯ ಕಡೆಗೂ ಒಯ್ಯಬಲ್ಲ.

ದುರ್ದೈವವೆಂದರೆ, ದಂಗೆಯಿಂದ ಅಧಿಕಾರ ಪಡೆದವರ ಉತ್ತರಾಧಿಕಾರಿಗಳು ಇನ್ನೊಂದು ದಂಗೆಗೆ ಎಡೆಯಿಲ್ಲದಂತೆ ಬಾಗಿಲುಗಳನ್ನು ಭದ್ರಪಡಿಸಿದರು. ಮುಖ್ಯಸ್ಥನನ್ನು ಸದಸ್ಯರ ಸಭೆಯೇ ಆರಿಸುವ ಅಧಿಕಾರ ಮುಂದೆ ಮತ್ತೆ ನಿರ್ದೇಶಕ ಮಂಡಳಿಗೆ ಹೋಯಿತು. ಆ ಮಂಡಳಿಯಲ್ಲಿದ್ದವರು ೭೬ ಜನ. ಅಷ್ಟು ದೊಡ್ಡ ಗುಂಪಿನಲ್ಲಿ ಎಲ್ಲರೂ ಹೊಣೆಗಾರರು, ಆದ್ದರಿಂದ ಯಾರೂ ಹೊಣೆಗಾರರಲ್ಲ. ೧೯೯೧ರಲ್ಲಿ ಮುಖ್ಯಸ್ಥರಾದ ವೇನ್ ಲಾಪಿಯೆರ್ ಮೂರು ದಶಕಗಳಿಗೂ ಮೀರಿ ಆ ಪೀಠದಲ್ಲಿದ್ದರು.

ನಡುವೆ ಎಚ್ಚರಿಕೆ ಬಾರದೆ ಇರಲಿಲ್ಲ. ೧೯೯೫ರಲ್ಲಿ ಸಂಘವು ಹಣ ಬೇಡಿ ಕಳುಹಿಸಿದ ಪತ್ರವೊಂದು ಸರ್ಕಾರೀ ಅಧಿಕಾರಿಗಳನ್ನು ನಾಜಿ ಪಡೆಗಳನ್ನು ನೆನಪಿಸುವ ಮಾತುಗಳಲ್ಲಿ ನಿಂದಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಒಕ್ಲಹೋಮಾ ನಗರದ ಸರ್ಕಾರೀ ಕಟ್ಟಡದಲ್ಲಿ ಬಾಂಬು ಸಿಡಿದು ೧೬೮ ಜನ ಸತ್ತಿದ್ದರು. ಮಾಜಿ ರಾಷ್ಟ್ರಾಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರು ತಮ್ಮ ಆಜೀವ ಸದಸ್ಯತ್ವವನ್ನು ಆ ಪತ್ರಕ್ಕಾಗಿ ಬಹಿರಂಗವಾಗಿ ತ್ಯಜಿಸಿದರು. ಲಾಪಿಯೆರ್ ಕ್ಷಮೆ ಕೇಳಿದರು. ಪೀಠ ಮಾತ್ರ ಅಲುಗಲಿಲ್ಲ.

೨೦೧೯ರ ಏಪ್ರಿಲ್‌ನಲ್ಲಿ ಇಂಡಿಯಾನಾಪೊಲಿಸ್ ಸಭೆಯ ಹೊತ್ತಿಗೆ ಒಳಗಿನ ಬೆಂಕಿ ಹೊರಗೆ ಕಾಣಿಸಿತು. ಅಧ್ಯಕ್ಷ ಆಲಿವರ್ ನಾರ್ತ್ ಹಣಕಾಸಿನ ಪ್ರಶ್ನೆಗಳನ್ನು ಎತ್ತಿದರು. ತಮ್ಮನ್ನು ಬೆದರಿಸಿ ಇಳಿಸುವ ಸಂಚು ಇದೆಂದು ಲಾಪಿಯೆರ್ ಹೇಳಿದರು. ಹೊರಗೆ ಹೋದವರು ನಾರ್ತ್. ಮರುವರ್ಷ ನ್ಯೂಯಾರ್ಕಿನ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಸಂಘವನ್ನೇ ವಿಸರ್ಜಿಸಬೇಕೆಂದು ದಾವೆ ಹೂಡಿದರು. ೨೦೨೧ರಲ್ಲಿ ಸಂಘ ಟೆಕ್ಸಾಸಿನಲ್ಲಿ ದಿವಾಳಿ ಅರ್ಜಿ ಹಾಕಿ ಪಾರಾಗಲು ನೋಡಿತು. ಅರ್ಜಿಯ ಹಿಂದೆ ಸದುದ್ದೇಶವಿಲ್ಲವೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಈ ವರ್ಷಗಳಲ್ಲಿ ಸದಸ್ಯರು ನಡೆಸಿದ ವಾದದಲ್ಲಿ ನನಗೆ ಮೂರು ದನಿಗಳು ಕೇಳಿಸುತ್ತವೆ. ಮೊದಲನೆಯದು ನಿಷ್ಠೆಯ ದನಿ: ಮನೆಗೆ ಬೆಂಕಿ ಬಿದ್ದಿರುವಾಗ ಯಜಮಾನನ ಲೆಕ್ಕ ಕೇಳುವುದು ವಿವೇಕವಲ್ಲ, ನಮ್ಮ ಜಗಳ ಕಂಡು ನಗುವವರು ನಮ್ಮ ವಿರೋಧಿಗಳು. ಇದನ್ನು ಹುಂಬತನವೆಂದು ತಳ್ಳಿಹಾಕಲಾಗದು. ದಾವೆ ಹೂಡಿದ ಅಧಿಕಾರಿ ಚುನಾವಣೆಗೆ ನಿಂತಾಗಲೇ ಸಂಘವನ್ನು ಕಟುವಾಗಿ ಟೀಕಿಸಿದ್ದವರು. ಎರಡನೆಯದು ತೊರೆಯುವವರ ದನಿ. ಇವರಲ್ಲಿ ಕೆಲವರಿಗೆ ಸಂಘ ಅತಿ ಕಠೋರವಾಗಿದೆ. ಇನ್ನು ಕೆಲವರಿಗೆ ಅದು ರಾಜಿಗೆ ಇಳಿಯುವ ದುರ್ಬಲ ಸಂಸ್ಥೆ. ಅವರು ಗನ್ ಓನರ್ಸ್ ಆಫ್ ಅಮೆರಿಕದಂತಹ, ಇನ್ನೂ ಬಿಗಿಯಾದ ಸಂಘಗಳ ಕಡೆಗೆ ನಡೆದರು. ಮೂರನೆಯದು ಉಳಿದು ತಿದ್ದುವವರ ದನಿ: ಚಂದಾ ನಿಲ್ಲಿಸಿದರೆ ಮತವೂ ಹೋಗುತ್ತದೆ, ಆದ್ದರಿಂದ ಸದಸ್ಯತ್ವ ಉಳಿಸಿಕೊಂಡು, ಹೆಚ್ಚಿನ ದೇಣಿಗೆಯನ್ನು ಮಾತ್ರ ತಡೆಹಿಡಿದು, ಮಂಡಳಿಯನ್ನು ಬದಲಿಸೋಣ.

ಮೂರನೆಯವರ ದಾರಿ ಸುಲಭವಾಗಿರಲಿಲ್ಲ. ಯುವಾಲ್ಡಿಯ ಮಕ್ಕಳು ಸತ್ತ ಕೆಲವೇ ದಿನಗಳಲ್ಲಿ ಅದೇ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಸಂಘದ ವಾರ್ಷಿಕ ಸಭೆ ಸೇರಿತು. ಮಂಡಳಿ ಅಂದೂ ಲಾಪಿಯೆರರನ್ನೇ ಮತ್ತೆ ಆರಿಸಿತು. ಕೊನೆಗೆ ಅವರು ಪೀಠ ಬಿಡುವುದಾಗಿ ಪ್ರಕಟಿಸಿದ್ದು ೨೦೨೪ರ ಜನವರಿಯಲ್ಲಿ, ನ್ಯೂಯಾರ್ಕಿನ ವಿಚಾರಣೆ ಆರಂಭವಾಗುವ ಮುನ್ನ. ಫೆಬ್ರವರಿಯಲ್ಲಿ ಜ್ಯೂರಿ ತನ್ನ ತೀರ್ಮಾನ ಕೊಟ್ಟಿತು: ಅವರ ಕರ್ತವ್ಯಲೋಪದಿಂದ ಸಂಘಕ್ಕೆ ಆದ ನಷ್ಟ ೫೪ ಲಕ್ಷ ಡಾಲರು. ಖಾಸಗಿ ವಿಮಾನಗಳ ಪ್ರಯಾಣ, ದುಬಾರಿ ವಿಹಾರ ಇವುಗಳ ವಿವರ ನ್ಯಾಯಾಲಯದ ಕಡತ ಸೇರಿತು. ಲೋಪವನ್ನು ಎತ್ತಿ ತೋರಿದವರನ್ನು ಸಂಘ ರಕ್ಷಿಸಲಿಲ್ಲವೆಂದೂ ಜ್ಯೂರಿ ಹೇಳಿತು. ನನ್ನ ಮಟ್ಟಿಗೆ ಆ ತೀರ್ಮಾನದ ಅತ್ಯಂತ ಭಾರವಾದ ವಾಕ್ಯ ಇದೇ. ವಿಮಾನದ ಖರ್ಚನ್ನು ಮರಳಿ ತುಂಬಬಹುದು. ಸತ್ಯ ಹೇಳಿದವನ ಬಾಯಿ ಮುಚ್ಚಿಸಿದ ಸಂಘ ತನ್ನ ಕಣ್ಣನ್ನೇ ಕಿತ್ತುಕೊಂಡಂತೆ.

ಈ ಮಾತು ಬರೆಯುವಾಗ ನನಗೆ ನನ್ನದೇ ಒಂದು ಲಜ್ಜೆ ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ನಾನೊಂದು ಚಿಕ್ಕ ಸಾಹಿತ್ಯ ಸಂಘದ ಸದಸ್ಯನಾಗಿದ್ದೆ. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರವನ್ನು ಓದದೆಯೇ ‘ಅಂಗೀಕರಿಸಲಾಯಿತು’ ಎಂದು ಬರೆದುಕೊಳ್ಳುವುದು ವಾಡಿಕೆಯಾಗಿತ್ತು. ಒಮ್ಮೆ ತರುಣ ಉಪಾಧ್ಯಾಯರೊಬ್ಬರು ಎದ್ದು, ಪುಸ್ತಕ ನಿಧಿಯ ಲೆಕ್ಕವನ್ನು ಓದಿ ಹೇಳಿರೆಂದು ವಿನಯದಿಂದ ಕೇಳಿದರು. ಕನ್ನಡದ ಕೆಲಸಕ್ಕೆ ಕಲ್ಲು ಹಾಕಬೇಡಿರೆಂದು ಹಿರಿಯರೊಬ್ಬರು ಗದರಿದರು. ಕೇಳಿದ ಪ್ರಶ್ನೆ ನ್ಯಾಯವಾದದ್ದೆಂದು ನನಗೆ ಗೊತ್ತಿತ್ತು. ಸಂಘದ ಮಾನ ಉಳಿಯಲೆಂದು ನಾನು ಸುಮ್ಮನೆ ಕುಳಿತೆ. ಆ ತರುಣರು ಮತ್ತೆ ಸಭೆಗೆ ಬರಲಿಲ್ಲ. ಸಂಘವೂ ಬಹಳ ಕಾಲ ಬಾಳಲಿಲ್ಲ.

ಆದ್ದರಿಂದ ನಿಷ್ಠೆಯ ದನಿಗೆ ನನ್ನ ಉತ್ತರ ಇಷ್ಟು. ವಿರೋಧಿ ನಗುವನೆಂದು ಸದಸ್ಯರು ಲೆಕ್ಕ ಕೇಳದೆ ಹೋದರೆ, ಕೊನೆಗೆ ಲೆಕ್ಕ ಕೇಳುವವನು ಆ ವಿರೋಧಿಯೇ. ರೈಫಲ್ ಸಂಘದಲ್ಲಿ ನಡೆದದ್ದು ಅದು. ೨೦೧೯ರಲ್ಲಿ ಅಧ್ಯಕ್ಷನೇ ಕೇಳಿದ ಪ್ರಶ್ನೆಗೆ ಸಂಘದೊಳಗೆ ಉತ್ತರ ದೊರೆತಿದ್ದರೆ, ಅದನ್ನು ಮುಚ್ಚಿಸಬಯಸಿದವರ ಕೈಗೆ ಅಷ್ಟು ಹರಿತವಾದ ಅಸ್ತ್ರ ಸಿಕ್ಕುತ್ತಿರಲಿಲ್ಲ. ವಿಸರ್ಜನೆಯ ಬೇಡಿಕೆಯನ್ನು ನ್ಯಾಯಾಧೀಶರು ೨೦೨೨ರಲ್ಲೇ ತಳ್ಳಿಹಾಕಿದ್ದರೆಂಬುದು ಆ ಸದಸ್ಯರ ಅದೃಷ್ಟ. ತಪ್ಪು ಮಾಡಿದವರ ದಂಡವನ್ನು ಚಂದಾ ತೆತ್ತವರ ಮೇಲೆ ಹೊರಿಸಬಾರದೆಂಬ ನ್ಯಾಯ ಅದರಲ್ಲಿದೆ.

ತೊರೆಯುವವರನ್ನು ನಾನು ದೂರಲಾರೆ. ಧ್ಯೇಯವು ಸಂಸ್ಥೆಗಿಂತ ದೊಡ್ಡದೆಂಬುದಕ್ಕೆ ಅವರ ಬಳಿ ಸಾಕ್ಷಿಯುಂಟು: ಬಂದೂಕು ಹೊಂದುವುದು ವ್ಯಕ್ತಿಯ ಹಕ್ಕೆಂದು ಸುಪ್ರೀಂ ಕೋರ್ಟು ೨೦೦೮ರಲ್ಲಿ ತೀರ್ಪಿತ್ತ ಮೊಕದ್ದಮೆಯನ್ನು ಮೊದಲು ಹೂಡಿದವರು ಈ ಸಂಘದವರಲ್ಲ, ಅದರ ಹೊರಗಿದ್ದ ಕೆಲವು ವಕೀಲರು. ಆದರೂ ನನ್ನ ಗೌರವ ಉಳಿದು ಹೋರಾಡಿದವರ ಕಡೆಗೇ ವಾಲುತ್ತದೆ. ೨೦೨೪ರಲ್ಲಿ ಸುಧಾರಣೆಯ ಹೆಸರಿನಲ್ಲಿ ನಿಂತ ನಾಲ್ವರು ಮಂಡಳಿಗೆ ಆರಿಸಿ ಬಂದರು. ಅವರಲ್ಲಿ ಒಬ್ಬರು, ದಿವಾಳಿ ಅರ್ಜಿಯನ್ನು ನ್ಯಾಯಾಲಯದಲ್ಲಿ ಬಹಿರಂಗವಾಗಿ ವಿರೋಧಿಸಿದ್ದ ಕಾನ್ಸಾಸಿನ ನ್ಯಾಯಾಧೀಶ ಫಿಲಿಪ್ ಜರ್ನಿ. ಇನ್ನೊಬ್ಬರು ೧೯೭೭ರ ದಂಗೆಯ ನೀಲ್ ನಾಕ್ಸರ ಮಗ. ತಂದೆ ಹಾಕಿದ ಬೇಲಿಯನ್ನು ಮಗ ತಿದ್ದಲು ಬಂದನೆನ್ನಬಹುದು.

ಇವರ ಧ್ಯೇಯ ನನ್ನದಲ್ಲ. ಬಂದೂಕು ಕೊಳ್ಳುವವರ ಪೂರ್ವಚರಿತ್ರೆಯನ್ನು ಪರಿಶೀಲಿಸಬೇಕೆಂಬುದನ್ನು ಅಲ್ಲಿನ ಬಂದೂಕು ಒಡೆಯರಲ್ಲಿಯೂ ಬಹುಮಂದಿ ಒಪ್ಪುವರೆಂದು ಜನಾಭಿಪ್ರಾಯ ಸಂಗ್ರಹಗಳು ತೋರಿಸುತ್ತ ಬಂದಿವೆ. ಸದಸ್ಯನ ಮಾತಿಗೆ ಬೆಲೆ ಬಂದ ಸಂಘದಲ್ಲಿ ಅಂಥ ಮಾತಿಗೂ ಒಂದು ದಿನ ಎಡೆ ದೊರೆತೀತೆಂಬುದು ನನ್ನ ಆಸೆ. ದೊರೆಯದೆಯೂ ಇರಬಹುದು, ೧೯೭೭ನ್ನು ಓದಿದ ಮೇಲೆ ನಾನು ಭರವಸೆ ಕೊಡಲಾರೆ.

ನಮ್ಮ ವಿದ್ಯಾರ್ಥಿಗಳೂ ಉಪಾಧ್ಯಾಯರೂ ನಾಳೆ ಯಾವುದಾದರೊಂದು ಸಂಘಕ್ಕೆ ಸೇರುವವರೇ. ಅದು ಭಾಷೆಯ ಸಂಘವಿರಲಿ, ಸಹಕಾರ ಸಂಘವಿರಲಿ, ವೃತ್ತಿಯ ಸಂಘವಿರಲಿ; ವಾರ್ಷಿಕ ಸಭೆಗೆ ಹೋಗಿರಿ, ಲೆಕ್ಕವನ್ನು ಓದಿಸಿರಿ. ಕೇಳಿದವನನ್ನು ಯಾರಾದರೂ ದ್ರೋಹಿಯೆಂದರೆ ಅವನ ಪಕ್ಕದಲ್ಲಿ ಎದ್ದು ನಿಲ್ಲಿರಿ. ಅಂದು ನಾನು ಏಳಲಿಲ್ಲ.