ಮುಷ್ಕರದ ದಿನವೂ ಬರುವ ಬಸ್ಸು

2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಬೇಡಿಕೆ ಮುಂದಿಟ್ಟು ಕರ್ನಾಟಕದ ಸಾರಿಗೆ ನೌಕರರು ಮುಷ್ಕರ ಹೂಡಿದರು. ಅದು ಮುಗಿಯಲು ಎರಡು ವಾರವೇ ಹಿಡಿಯಿತು. ಸರ್ಕಾರ ಖಾಸಗಿ ಬಸ್ಸುಗಳನ್ನು ನಿಲ್ದಾಣದೊಳಕ್ಕೇ ಬಿಟ್ಟುಕೊಂಡಿತು. ನಂಜನಗೂಡು ಬಳಿಯ ದೇವನೂರಿನಂಥ ಊರಿನವರಿಗೆ ಇಂಥ ದಿನಗಳು ಹೊಸದೇನಲ್ಲ. ಆಟೊ, ಟೆಂಪೊ, ಪರಿಚಯದವರ ಬೈಕು, ಯಾವುದು ಸಿಕ್ಕಿತೋ ಅದನ್ನು ಹತ್ತಿ ನಂಜನಗೂಡು ಸೇರುವುದು, ಅಲ್ಲಿಂದ ರೈಲೋ ಮತ್ತೊಂದೋ ಹಿಡಿದು ಮೈಸೂರು ಮುಟ್ಟುವುದು. ಕೈಬೀಸಿದರೆ ಯಾವನಾದರೂ ನಿಲ್ಲಿಸುತ್ತಾನೆ ಎಂಬ ಭರವಸೆಯಲ್ಲೇ ಅರ್ಧ ಪ್ರಯಾಣ ಸಾಗುತ್ತದೆ.

ಇದೇ ಭರವಸೆ ಇಟ್ಟುಕೊಂಡು ಮಗನ ಮನೆಗೋ ಮಗಳ ಬಾಣಂತನಕ್ಕೋ ಯುರೋಪಿಗೆ ಹೋದ ಗಂಡ ಹೆಂಡತಿ ಅಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಜರ್ಮನಿಯಲ್ಲಿ 2024ರ ಜನವರಿ ಕೊನೆಗೆ ರೈಲು ಚಾಲಕರು ಸುಮಾರು ಐದು ದಿನ ಮುಷ್ಕರ ಮಾಡಿದರು. ದೂರದ ರೈಲುಗಳಲ್ಲಿ ಸುಮಾರು ಐದರಲ್ಲೊಂದು ಮಾತ್ರ ಓಡಿತು. ಆದರೆ ಯಾವುದು ಓಡುತ್ತದೆ ಎಂಬ ತುರ್ತು ವೇಳಾಪಟ್ಟಿ ಮುಂಚಿತವಾಗಿ ಬಂದಿತ್ತು, ಆ ದಿನಗಳ ಟಿಕೆಟ್ಟನ್ನು ಬೇರೆ ದಿನ ಬಳಸಲು ಅವಕಾಶವಿತ್ತು. ಇದನ್ನು ತಿಳಿಯದವರು ಹೊಸ ಟಿಕೆಟ್ಟಿಗೆ ದುಡ್ಡು ಸುರಿಯುತ್ತಾರೆ. ವಿಮಾನದ ಕಥೆಯೂ ಅಷ್ಟೆ. ಐರೋಪ್ಯ ಒಕ್ಕೂಟದ 261/2004 ನಿಯಮದ ಪ್ರಕಾರ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಡುವ ವಿಮಾನ, ಕಂಪನಿ ಯಾವ ದೇಶದ್ದೇ ಇರಲಿ, ಕಂಪನಿಯದೇ ಕಾರಣಕ್ಕೆ ಕೊನೇ ಗಳಿಗೆಯಲ್ಲಿ ರದ್ದಾದರೆ ತಲಾ 600 ಯೂರೊ ಪರಿಹಾರ. ಬಿರುಗಾಳಿಗೆ ರದ್ದಾದರೆ ಪರಿಹಾರವಿಲ್ಲ, ಆದರೆ ಊಟ, ರಾತ್ರಿ ತಂಗಲು ಹೋಟೆಲು ಕೊಡಲೇಬೇಕು. ಹೋಗುವಾಗ ಭಾರತದ್ದೋ ಬೇರೆ ಐರೋಪ್ಯೇತರ ದೇಶದ್ದೋ ಕಂಪನಿಯ ವಿಮಾನ ಹತ್ತಿದ್ದರೆ ಈ ನಿಯಮ ಅನ್ವಯಿಸದು. ಕೇಳದವರಿಗೆ ಯಾರೂ ತಾವಾಗಿ ಕರೆದು ಕೊಡುವುದಿಲ್ಲ ಬಿಡಿ.

ದಂಪತಿಗಳ ತೊಡಕು ಬೇರೆಯದೇ. ಇಬ್ಬರ ಪಾಸ್‌ಪೋರ್ಟು, ಕಾರ್ಡು, ಟಿಕೆಟ್ಟು ಎಲ್ಲ ಯಜಮಾನರ ಚೀಲದಲ್ಲಿ. ಆ ದೇಶದ ಸಿಮ್ಮು ಅವರ ಫೋನಿಗೆ ಮಾತ್ರ. ಪ್ಲಾಟ್‌ಫಾರ್ಮ್ ಬದಲಾದ ಗಡಿಬಿಡಿಯಲ್ಲಿ ಅವರು ಒಂದು ಬೋಗಿ ಹತ್ತಿ ಹೆಂಡತಿ ಕೆಳಗುಳಿದರೆ, ಆಕೆಯ ಕೈಯಲ್ಲಿ ಮಕ್ಕಳ ಮನೆಯ ವಿಳಾಸವೂ ಇರುವುದಿಲ್ಲ. ಇಬ್ಬರ ಫೋನಿಗೂ ಸಿಮ್ಮು ಹಾಕಿಸುವುದಕ್ಕೆ ಆಗುವ ಖರ್ಚು ಒಂದು ಹೊತ್ತಿನ ಹೋಟೆಲ್ ಊಟದಷ್ಟು. ಗದ್ದಲವಾದಾಗ ಒಬ್ಬರು ಕೌಂಟರಿನ ಸಾಲಿನಲ್ಲಿ ನಿಂತು, ಇನ್ನೊಬ್ಬರು ಆ್ಯಪಿನಲ್ಲಿ ಬದಲಿ ಸೀಟು ನೋಡಬಹುದು. ಇಬ್ಬರ ಟಿಕೆಟ್ಟೂ ಒಂದೇ ಬುಕಿಂಗಿನಲ್ಲಿದ್ದರೆ ಬದಲಿ ವಿಮಾನದಲ್ಲಿ ಬೇರೆಯಾಗುವ ಭಯ ಕಡಿಮೆ.

ಹಕ್ಕಿದ್ದರೂ ಕಳೆದ ದಿನ ವಾಪಸು ಬಾರದು, ಅದು ನಿಜ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಭುವನೇಶ್ವರದಲ್ಲಿ ಸಿಕ್ಕಿಬಿದ್ದ ಹೊಸ ಜೋಡಿಯೊಂದು ಹುಬ್ಬಳ್ಳಿಯ ತಮ್ಮದೇ ಆರತಕ್ಷತೆಗೆ ವಿಡಿಯೊದಲ್ಲಿ ಹಾಜರಾಯಿತು. ವೇದಿಕೆಯ ಕುರ್ಚಿಯಲ್ಲಿ ಕೂತವರು ಹುಡುಗಿಯ ತಂದೆ ತಾಯಿ.

ಇನ್ನು ಇಟಲಿ. ಅಲ್ಲಿ ಮುಷ್ಕರಗಳಿಗೆ ಬರವಿಲ್ಲ. ಆದರೆ 1990ರ 146ನೇ ಕಾನೂನು ನೌಕರರ ಮುಷ್ಕರದ ಹಕ್ಕನ್ನು ಉಳಿಸಿಕೊಂಡೇ ಪ್ರಯಾಣಿಕನಿಗೂ ಜಾಗ ಮಾಡಿಕೊಟ್ಟಿದೆ. ಹತ್ತು ದಿನ ಮುಂಚೆ ನೋಟಿಸು ಕಡ್ಡಾಯ. ಕೆಲಸದ ದಿನಗಳಲ್ಲಿ ಪ್ರಾದೇಶಿಕ ರೈಲುಗಳು ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಓಡಬೇಕು. ನಗರದ ಬಸ್ಸುಗಳಿಗೂ ಇಂಥದೇ ಖಾತ್ರಿ ವೇಳೆಗಳಿವೆ. ಸಾರಿಗೆ ಸಚಿವಾಲಯ ಮುಂದಿನ ಮುಷ್ಕರಗಳ ಪಟ್ಟಿಯನ್ನೇ ಪ್ರಕಟಿಸುತ್ತದೆ. ಇದನ್ನು ನೋಡಿಕೊಂಡ ದಂಪತಿ ಒಂಬತ್ತಕ್ಕೆ ಮೊದಲು ಹೊರಟುಬಿಡುತ್ತಾರೆ, ಅಷ್ಟೇ.

ನಮ್ಮಲ್ಲೂ ಮುಷ್ಕರಕ್ಕೆ ಹದಿನಾಲ್ಕು ದಿನದ ನೋಟಿಸು ಬೇಕು ಎಂಬ ಕಾನೂನಿದೆ. ಆದರೆ ಆ ದಿನ ಯಾವ ಬಸ್ಸು ಬರುತ್ತದೆ ಎಂಬುದು ಎಲ್ಲೂ ಬರೆದಿಲ್ಲ. ಅಗತ್ಯ ಸೇವೆಗಳ ಕಾಯ್ದೆ ಎಸ್ಮಾ ಜಾರಿ ಮಾಡುತ್ತೇವೆ ಎನ್ನುವ ಸರ್ಕಾರ, ಒಂದು ಬಸ್ಸೂ ಕದಲದು ಎನ್ನುವ ಸಂಘಟನೆ, ನಡುವೆ ಏನೂ ಇಲ್ಲ. 2025ರ ಆಗಸ್ಟ್ 5ರ ಸಾರಿಗೆ ನೌಕರರ ಮುಷ್ಕರ ಹೈಕೋರ್ಟ್ ಗದರಿದ ಮೇಲೆ ಅಂದೇ ನಿಂತಿತು. ಇಂಥ ದಿನ, ಸರ್ಕಾರಿ ಬಸ್ಸಿನ ಉಚಿತ ಪ್ರಯಾಣದ ಶಕ್ತಿ ಯೋಜನೆ ನಂಬಿ ಆಧಾರ್ ಕಾರ್ಡು ಹಿಡಿದು ಹೊರಟ ಹೆಂಗಸರಿಗೆ ಖಾಸಗಿ ಬಸ್ಸಿನಲ್ಲಿ ಆ ಕಾರ್ಡಿನಿಂದ ಮೂರು ಕಾಸಿನ ಉಪಯೋಗವಿಲ್ಲ. ಬೆಳಿಗ್ಗೆ ಕೂಲಿಗೆ, ಕಾಲೇಜಿಗೆ ಹೋಗುವ ಹೊತ್ತಿಗೆ ಮತ್ತು ಸಂಜೆ ಮರಳುವ ಹೊತ್ತಿಗೆ ಹಳ್ಳಿಯ ಬಸ್ಸು ಓಡಲೇಬೇಕೆಂಬ ಒಪ್ಪಂದವನ್ನು ಸಾರಿಗೆ ನಿಗಮಗಳೂ ಸಂಘಟನೆಗಳೂ ಕೂತು ಬರೆದುಕೊಳ್ಳಬೇಕು. ವೇತನ ಪರಿಷ್ಕರಣೆಯ ಮಾತುಕತೆಗೆ ಹೇಗೂ ಎರಡೂ ಕಡೆಯವರು ಒಂದೇ ಮೇಜಿಗೆ ಬರುತ್ತಾರೆ. ಅಲ್ಲೇ ಇದನ್ನೂ ಎತ್ತಬಹುದು.